ಬಿಳಿ ಮುಚ್ಚಳದ ಊಟ

ಆ ದೊಡ್ಡಾಸ್ಪತ್ರೆಯ ಅಡುಗೆಮನೆ ಇದ್ದದ್ದು ನೆಲಮಾಳಿಗೆಯಲ್ಲಿ. ಮೇಲೆಲ್ಲ ರೋಗಿಗಳು, ಕೆಳಗೆ ಒಲೆಗಳು. ಒಲೆಯ ಮುಂದೆ ನಿಂತವರಿಗೆ ಮೇಲಿನವರ ಮುಖ ಗೊತ್ತಿರಲಿಲ್ಲ, ಮುಚ್ಚಳದ ಬಣ್ಣ ಗೊತ್ತಿತ್ತು. ಹಸಿರು ಮುಚ್ಚಳವೆಂದರೆ ಎಲ್ಲರೂ ತಿನ್ನುವ ಊಟ. ನೀಲಿಯೆಂದರೆ ಸಕ್ಕರೆ ಕಾಯಿಲೆಯವರದು. ಬಿಳಿ ಮುಚ್ಚಳವೆಂದರೆ ಬಿಪಿಯವರದು, ಅಂದರೆ ಉಪ್ಪಿಲ್ಲದ್ದು. ಬಿಳಿ ಮುಚ್ಚಳದ ತಟ್ಟೆ ಎಷ್ಟು ಭಾರ ಹೊತ್ತು ಮೇಲೆ ಹೋಗುತ್ತದೋ ಅಷ್ಟೇ ಭಾರ ಹೊತ್ತು ಕೆಳಗೆ ಬರುತ್ತದೆ ಎಂದು ಪಾತ್ರೆ ತೊಳೆಯುವವರು ನಗಾಡುತ್ತಿದ್ದರು.

ಆ ಅಡುಗೆಮನೆಗೆ ಒಂದೇ ಕಟ್ಟಳೆ. ಅಕ್ಕ ರುಚಿ ನೋಡಿ ‘ಹೂಂ’ ಅನ್ನದೆ ಒಂದು ತಟ್ಟೆಯೂ ಲಿಫ್ಟು ಹತ್ತುವಂತಿಲ್ಲ. ಅವಳ ಕೈಯಿಂದ ಸೌಟು ಜಾರಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಸೌಟಕ್ಕ. ಸೌಟಿನ ತುದಿಯಿಂದ ಒಂದು ಹನಿ ಅಂಗೈಗೆ ಬಿಟ್ಟುಕೊಂಡು, ಊದಿ, ನೆಕ್ಕಿ, ಕಣ್ಣು ಮುಚ್ಚುವಳು. ಅಷ್ಟು ಹೊತ್ತು ತರಕಾರಿ ಹೆಚ್ಚುವವರ ಚಾಕು ಕೂಡ ನಿಲ್ಲುತ್ತಿತ್ತು. ಕಣ್ಣು ತೆರೆದು ಒಂದು ಚಿಟಿಕೆ ಅಂದಳೆಂದರೆ ಒಂದು ಚಿಟಿಕೆ. ಅರ್ಧ ಹಾಕಿ ಕಣ್ಣಿಗೆ ಮಣ್ಣೆರಚಲು ನೋಡಿದವರು ಸಿಕ್ಕಿಬಿದ್ದಿದ್ದಾರೆ. ಸೊಂಟದೆತ್ತರದ ಹಂಡೆಯಲ್ಲಿ ಅರ್ಧ ಚಿಟಿಕೆ ಎಲ್ಲಿ ಗೊತ್ತಾದೀತು ಎಂದು ನೀವು ಕೇಳಬಹುದು. ನಮಗೆ ಗೊತ್ತಾಗುವುದಿಲ್ಲ, ಅದಕ್ಕೇ ನಮ್ಮನ್ನು ಯಾರೂ ಸೌಟಕ್ಕ ಅನ್ನುವುದಿಲ್ಲ.

ಮುಖ್ಯ ಅಡುಗೆಯವನು ಅವಳ ತಮ್ಮ. ಹೆಸರಿಗೆ ಮುಖ್ಯ, ಅಷ್ಟೆ. ತಾಯಿ ತೀರಿಕೊಂಡಾಗ ಅವನಿನ್ನೂ ಹಾಲುಹಲ್ಲಿನ ಮಗು. ಅಕ್ಕ ಅವನನ್ನು ಸೊಂಟಕ್ಕೆ ಹಾಕಿಕೊಂಡೇ ಈ ನೆಲಮಾಳಿಗೆಯ ಕೆಲಸಕ್ಕೆ ಸೇರಿದವಳು. ಈರುಳ್ಳಿ ಚೀಲದ ಮೇಲೆ ಅವನನ್ನು ಮಲಗಿಸಿ, ಈರುಳ್ಳಿ ಹೆಚ್ಚಿ, ಅನ್ನ ಕಲಸಿ ತಿನ್ನಿಸಿ ದೊಡ್ಡವನನ್ನು ಮಾಡಿದಳು. ಅನ್ನ ತಿನ್ನಿಸಿದ ಕೈಯೇ ಅವನಿಗೆ ಸೌಟು ಹಿಡಿಯುವುದನ್ನೂ ಕಲಿಸಿತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅನ್ನುತ್ತಾರಲ್ಲ, ತಮ್ಮನ ಪಾಲಿಗೆ ಎರಡೂ ಅವಳೇ ಆಗಿದ್ದಳು.

ಹಸಿರು ಮುಚ್ಚಳದ ತಟ್ಟೆಗಳು ಮೊದಲ ಸಲ ತುಂಬಿದಂತೆಯೇ ಕೆಳಗೆ ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ತಮ್ಮ ಸೂಪಿಗೆ ಬೆರಳದ್ದಿ ನೋಡಿದ. ಸಮುದ್ರದ ನೀರು ಕುಡಿದಂತಾಯಿತು. ಆನೆಯಂಥ ಆನೆಯೂ ಮುಗ್ಗರಿಸುತ್ತದೆ, ಇನ್ನು ಅಕ್ಕನ ಕೈ ಒಂದು ದಿನ ತಪ್ಪಿದರೇನು ಎಂದು ಸುಮ್ಮನಾದ. ಆದರೆ ಮತ್ತೆ ತಟ್ಟೆಗಳು ಬಂದವು, ಅದಾದ ಮೇಲೆ ಮತ್ತೂ ಬಂದವು. ಅಕ್ಕನೋ, ಎಂದಿನಂತೆ ಕಣ್ಣು ಮುಚ್ಚಿ ರುಚಿ ನೋಡಿ, ಸಪ್ಪೆ ಸಪ್ಪೆ ಎಂದು ಇನ್ನೊಂದು ಹಿಡಿ ಸುರಿಯುವಳು. ತಮ್ಮ ಅವಳ ಬೆನ್ನ ಹಿಂದೆ ನೀರು ಬೆರೆಸುವನು, ಉಪ್ಪು ಹೀರಲೆಂದು ಆಲೂಗಡ್ಡೆ ಹೆಚ್ಚಿ ಹಾಕುವನು. ಒಂದು ದಿನ ಅದು ಅವಳ ಕಣ್ಣಿಗೆ ಬಿತ್ತು. ಸೌಟನ್ನು ತೊಳೆದು, ಒರೆಸಿ, ಅವನಿಗೆ ಬೆನ್ನು ಮಾಡಿ ಕೂತುಬಿಟ್ಟಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳ ಮೈಯೂ ಮೊದಲಿನಂತಿರಲಿಲ್ಲ. ರವಿಕೆಯ ತೋಳು ಜೋತುಬಿದ್ದಿತ್ತು. ಮುಖ ಕಪ್ಪಿಟ್ಟಿತ್ತು. ಒಲೆಯ ಮುಂದೆ ಬಾಳು ಸವೆಸಿದವಳು, ಕಪ್ಪಾಗದೆ ಬೆಳ್ಳಗಾಗುತ್ತಾಳೆಯೇ ಎಂದು ತಮ್ಮ ಅಂದುಕೊಂಡ. ಅವನ ಹೆಂಡತಿ ಮಾತ್ರ ಒಮ್ಮೆ, ಅತ್ತಿಗೆಯ ಅಂಗೈಯ ಗೆರೆಗಳು ಯಾಕೋ ಇಂಕಿನಲ್ಲಿ ಬರೆದ ಹಾಗಿವೆ ಎಂದಿದ್ದಳು. ಬದನೆಕಾಯಿ ಹೆಚ್ಚಿದ ಕಲೆಯಿರಬೇಕು, ತಿಕ್ಕಿ ತೊಳೆಯಲು ಹೇಳು ಎಂದು ಅವನು ಹಾರಿಸಿಬಿಟ್ಟಿದ್ದ. ತಿಕ್ಕಿ ತಿಕ್ಕಿ ಅಕ್ಕನ ಅಂಗೈ ಕೆಂಪಗಾಯಿತೇ ಹೊರತು ಗೆರೆಯ ಕಪ್ಪು ಹೋಗಲಿಲ್ಲ.

ಆಮೇಲೆ ತಲೆಸುತ್ತು ಶುರುವಾಯಿತು. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ, ಗೋಡೆ ಹಿಡಿದು ನಿಲ್ಲಬೇಕು. ಅದೇ ಹೊತ್ತಿಗೆ ಮ್ಯಾನೇಜರು ತಮ್ಮನನ್ನು ಕರೆಸಿ, ಸೌಟಕ್ಕನಿಗೆ ವಯಸ್ಸಾಯಿತು, ನಾಲಿಗೆ ಹೋಗಿದೆ, ಇನ್ನೊಂದು ದೂರು ಬಂದರೆ ಮನೆಯಲ್ಲಿ ಕೂರಿಸೋಣ ಎಂದರು. ಅಕ್ಕನನ್ನು ಮನೆಯಲ್ಲಿ ಕೂರಿಸುವುದು! ಮೀನಿಗೆ ದಡದಲ್ಲಿ ಹಾಸಿಗೆ ಹಾಸಿಕೊಟ್ಟಂತೆ.

ಈಗ ಅವನು ಮಾಡಿದ್ದನ್ನು ಕೇಳಿ. ಆಸ್ಪತ್ರೆಯ ಅಡುಗೆಯವರಿಗೆ ಒಂದು ರೋಗವಿದೆ, ಅದಕ್ಕೆ ಯಾವ ಡಾಕ್ಟರ ಹತ್ತಿರವೂ ಮದ್ದಿಲ್ಲ: ಮುಚ್ಚಳದ ಬಣ್ಣ ನೋಡಿ ನೋಡಿ ಅವರೇ ಅರ್ಧ ಡಾಕ್ಟರಾಗಿಬಿಟ್ಟಿರುತ್ತಾರೆ. ತಲೆಸುತ್ತು ಎಂದರೆ ಬಿಪಿ, ಬಿಪಿ ಎಂದರೆ ಉಪ್ಪು ಬಂದ್, ಅಂದರೆ ಬಿಳಿ ಮುಚ್ಚಳ. ತಮ್ಮನಿಗೆ ಎಲ್ಲವೂ ಹೊಳೆದುಬಿಟ್ಟಿತು. ಅಕ್ಕ ಕದ್ದು ಮುಚ್ಚಿ ಉಪ್ಪು ತಿನ್ನುತ್ತಾಳೆ, ಅದಕ್ಕೇ ನಾಲಿಗೆ ದಡ್ಡುಗಟ್ಟಿದೆ, ಅದಕ್ಕೇ ಬಿಪಿ ಏರಿದೆ, ಅದಕ್ಕೇ ತಲೆಸುತ್ತು. ಉಪ್ಪು ನಿಲ್ಲಿಸಿದರೆ ನಾಲಿಗೆಯೂ ಸರಿಹೋದೀತು, ಅಕ್ಕನೂ ಉಳಿದಾಳು, ಕೆಲಸವೂ ಉಳಿದೀತು. ಮೇಲೆ ಕರೆದುಕೊಂಡು ಹೋಗಿ ತೋರಿಸಬಹುದಿತ್ತಲ್ಲ? ಲಿಫ್ಟು ಹತ್ತೇ ಹೆಜ್ಜೆ ಆಚೆಗಿತ್ತು. ಆದರೆ ದೀಪದ ಬುಡದಲ್ಲೇ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಉಪ್ಪಿನ ಡಬ್ಬಗಳೆಲ್ಲ ಉಗ್ರಾಣದ ಒಳಗೆ ಹೋದವು. ಬಾಗಿಲಿಗೆ ಬೀಗ ಬಿತ್ತು, ಬೀಗದ ಕೈ ತಮ್ಮನ ಜೇಬು ಸೇರಿತು. ಅಕ್ಕನ ಮುಂದೆ ಹೊತ್ತು ಹೊತ್ತಿಗೆ ಬಿಳಿ ಮುಚ್ಚಳದ ತಟ್ಟೆ ಬಂತು. ಇದು ರೋಗಿಗಳ ಊಟ, ನನಗ್ಯಾಕೆ ಎಂದು ಅವಳು ಕೇಳಿದಳು. ಅವನು ಹಟ ಬಿಡಲಿಲ್ಲ. ಚಿಕ್ಕವನಿದ್ದಾಗ ಅವಳು ಅವನನ್ನು ಗದರಿಸಿ ತಿನ್ನಿಸಿದಂತೆಯೇ ಈಗ ಅವನು ಎದುರಿಗೆ ಕೂತು ಗದರಿಸಿ ತಿನ್ನಿಸಿದ. ತಾನು ಎಂಥ ಒಳ್ಳೆಯ ತಮ್ಮ ಎಂದು ಒಳಗೊಳಗೇ ಸಮಾಧಾನವೂ ಆಗಿತ್ತು ಅವನಿಗೆ.

ಒಂದು ಮಧ್ಯಾಹ್ನ ಉಗ್ರಾಣದ ಹಿಂದೆ, ಖಾಲಿ ಚೀಲಗಳ ರಾಶಿಯ ಹತ್ತಿರ, ಅಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಉಪ್ಪಿನ ಖಾಲಿ ಚೀಲ. ಅದರ ಹೊಲಿಗೆ ಬಿಚ್ಚಿ, ಬೆರಳು ಒದ್ದೆ ಮಾಡಿಕೊಂಡು, ಮೂಲೆಯಲ್ಲಿ ಅಂಟಿದ ಕಾಳುಗಳನ್ನು ಒತ್ತಿ ಒತ್ತಿ ನೆಕ್ಕುತ್ತಿದ್ದಳು. ತಮ್ಮನಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು.

“ಅಕ್ಕಾ, ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ? ಮಾನ ಮರ್ಯಾದೆ ಬೇಡ್ವಾ ನಿಂಗೆ?”

ಅಕ್ಕ ತಲೆಯೆತ್ತಿದಳು. ತಾಯಿ ಸತ್ತ ದಿನವೂ ತಮ್ಮನ ಎದುರು ಅಳದವಳ ಕಣ್ಣು ತುಂಬಿತ್ತು. “ಗೊತ್ತಿಲ್ಲ ಕಣೋ. ನಂಗೆ ಬೇಕು ಅಂತಲ್ಲ. ಒಳಗೆ ಯಾರೋ ಕೂತು ಬೇಡ್ತಿದಾರೆ. ಬಿಡ್ತಾನೇ ಇಲ್ಲ.”

ಅವನು ಆ ಚೀಲವನ್ನೂ ಕಿತ್ತುಕೊಂಡ. ರಾಶಿಯಲ್ಲಿದ್ದ ಉಳಿದ ಚೀಲಗಳನ್ನೂ ಗುಜರಿಗೆ ಹಾಕಿಸಿದ.

ಆ ವಾರವೇ ಅವಳಿಗೆ ವಾಂತಿ ಹತ್ತಿಕೊಂಡಿತು. ಯಾರಿಗೂ ಹೇಳಲಿಲ್ಲ, ಹೇಳಿದರೆ ಮನೆಗೆ ಕಳಿಸುತ್ತಾರೆಂಬ ಭಯ. ಬೆಳಗಿನ ಗಂಜಿಯ ಹಂಡೆಯ ಮುಂದೆ ನಿಂತು ಅಂಗೈಗೆ ಹನಿ ಬಿಟ್ಟುಕೊಂಡವಳು ಊದಲು ಬಾಯಿ ಹತ್ತಿರ ತಂದಳು, ಅಷ್ಟೆ. ತಮ್ಮನಿಗೆ ಕೇಳಿಸಿದ್ದು ಸೌಟು ನೆಲಕ್ಕೆ ಬಿದ್ದ ಸದ್ದು. ತಿರುಗಿ ನೋಡುವಷ್ಟರಲ್ಲಿ ಅಕ್ಕ ನೆಲದ ಮೇಲಿದ್ದಳು. ಊಟದ ಗಾಡಿಯ ಮೇಲಿನ ತಟ್ಟೆಗಳನ್ನು ಒಂದೇ ಸಲಕ್ಕೆ ನೆಲಕ್ಕೆ ತಳ್ಳಿ, ಅವಳನ್ನು ಎತ್ತಿ ಅದರ ಮೇಲೆ ಮಲಗಿಸಿದ. ಅವಳು ಖಾಲಿ ಚೀಲದಷ್ಟು ಹಗುರಾಗಿದ್ದಳು. ಬಾಳೆಲ್ಲ ಆ ಗಾಡಿಗಳನ್ನು ಮೇಲೆ ಕಳಿಸಿದವಳು ಆ ಲಿಫ್ಟು ಹತ್ತಿದ್ದು ಅದೇ ಮೊದಲು.

ಮೇಲೆ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ನರ್ಸು ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿದಳು, ಬಿಟ್ಟಳು, ಮತ್ತೆ ತುಂಬಿದಳು. ಬಿಪಿ ಸಿಗುತ್ತಿಲ್ಲ ಎಂದಳು. ಅಷ್ಟು ಏರಿದೆಯಾ ಎಂದು ತಮ್ಮ ಕೇಳಿದ. ಏರೋದೆಲ್ಲಿ ಬಂತು, ಪಾತಾಳಕ್ಕೆ ಇಳಿದಿದೆ ಎಂದಳು ನರ್ಸು. ಇಳಿದಿದೆಯೇ? ಹಾಗಾದರೆ ಬಿಳಿ ಮುಚ್ಚಳ?

ಪಕ್ಕದ ಮಂಚದ ರೋಗಿಯನ್ನು ನೋಡಲು ಬಂದಿದ್ದವರು ಸಕ್ಕರೆ ಡಾಕ್ಟರು. ಅಡುಗೆಮನೆಯವರು ಇಟ್ಟ ಹೆಸರು ಅದು, ನಿಜಕ್ಕೆ ಆಕೆ ಮೈಯೊಳಗಿನ ಗ್ರಂಥಿಗಳ ಡಾಕ್ಟರು. ನೀಲಿ ಮುಚ್ಚಳಗಳನ್ನೆಲ್ಲ ಬರೆದು ಕಳಿಸುವವರು ಅವರೇ, ತಾವು ಕುಡಿಯುವ ಚಹಾಕ್ಕೆ ಮಾತ್ರ ಮೂರು ಚಮಚ ಸಕ್ಕರೆ ಹಾಕಿಸಿಕೊಳ್ಳುವವರೂ ಅವರೇ. ಆಕೆ ದಾಟಿ ಹೋಗುತ್ತಿದ್ದವರು ಅಕ್ಕನ ಮುಖ ನೋಡಿ ನಿಂತರು. ಅವಳ ಅಂಗೈ ಬಿಡಿಸಿ ಗೆರೆಗಳನ್ನು ನೋಡಿದರು. ತುಟಿ ಸರಿಸಿ ಒಸಡು ನೋಡಿದರು; ಅಲ್ಲೂ ಶಾಯಿ ಚೆಲ್ಲಿದಂಥ ಕಪ್ಪು. ಆಮೇಲೆ ತಮ್ಮನ ಕಡೆ ತಿರುಗಿದರು.

“ಇವರು ಇತ್ತೀಚೆಗೆ ಉಪ್ಪು ತುಂಬಾ ತಿಂತಿದ್ರಾ?”

ಮುಖವನ್ನೇ ನೋಡಿರದ ಹೆಂಗಸಿನ ಗುಟ್ಟು ಇವರಿಗೆ ಅಂಗೈಯಲ್ಲಿ ಹೇಗೆ ಕಂಡಿತು ಎಂದು ತಮ್ಮ ಬೆರಗಾದ. ತಿನ್ನುತ್ತಿದ್ದಳು ಎಂದ. ತಾನೇ ಬಿಡಿಸಿದೆ ಎಂದ. ಬೀಗದ ಮಾತನ್ನೂ, ಬಿಳಿ ಮುಚ್ಚಳದ ಮಾತನ್ನೂ, ಚೀಲದ ಮಾತನ್ನೂ ಹೇಳಿದ. ಡಾಕ್ಟರು ಬೈಯಲಿಲ್ಲ. ಬೈಯಲು ಹೊತ್ತೂ ಇರಲಿಲ್ಲ. ಪರೀಕ್ಷೆಗೆ ರಕ್ತ ತೆಗೆಸಿ, ಅದರ ಉತ್ತರ ಬರುವವರೆಗೂ ಕಾಯದೆ ಒಂದು ಇಂಜೆಕ್ಷನ್ ಕೊಡಿಸಿದರು, ಎರಡೂ ಕೈಗೆ ಬಾಟಲಿ ಏರಿಸಿದರು. ಹನಿ ಹನಿಯಾಗಿ ಇಳಿಯುತ್ತಿದ್ದ ತಿಳಿನೀರನ್ನು ತಮ್ಮ ನೋಡುತ್ತ ನಿಂತ. ಅಕ್ಕ ಸೌಟಿನಿಂದ ಬಿಡುತ್ತಿದ್ದಂಥದೇ ಹನಿ. ಅದೇನು ಮದ್ದು ಎಂದು ನರ್ಸನ್ನು ಕೇಳಿದ.

“ಉಪ್ಪು ನೀರು” ಎಂದಳು ಆಕೆ.

ಅವನು ಅಲ್ಲೇ ಗೋಡೆಗೊರಗಿ ಕೂತ. ಜೇಬಿನಲ್ಲಿದ್ದ ಬೀಗದ ಕೈ ತೊಡೆಗೆ ಚುಚ್ಚಿತು.

ಸಂಜೆಯ ಬಿಸಿಲು ಕಿಟಕಿಯಿಂದ ಮಂಚದ ಕಾಲಿಗೆ ಬರುವಷ್ಟರಲ್ಲಿ ಅಕ್ಕ ಕಣ್ಣು ಬಿಟ್ಟಳು. ಬರೀ ಬಿಡಲಿಲ್ಲ, ಸುತ್ತ ನೋಡಿ, ಗಂಜಿ ತಳ ಹಿಡಿಯಿತೇನೋ ಎಂದು ಕೇಳಿದಳು. ಬೆಳಿಗ್ಗೆ ಬಿಪಿ ಸಿಗದೆ ಮಲಗಿದ್ದವಳು! ಹೋದ ಜೀವ ಮರಳಿ ಬಂದದ್ದನ್ನು ಕತೆಗಳಲ್ಲಿ ತಮ್ಮ ಕೇಳಿದ್ದನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಅವಳ ಪಾದ ಹಿಡಿದುಕೊಂಡು ಕೂತ, ಪಾದ ಬೆಚ್ಚಗಿತ್ತು.

ಮರುದಿನ ಸಕ್ಕರೆ ಡಾಕ್ಟರು ಅವನನ್ನು ಕೋಣೆಗೆ ಕರೆದು ಕೂರಿಸಿ ವಿವರಿಸಿದರು. ಎರಡು ಕಿಡ್ನಿಗಳ ತಲೆಯ ಮೇಲೆ ಎರಡು ಪುಟ್ಟ ಗ್ರಂಥಿಗಳು ಟೋಪಿಯ ಹಾಗೆ ಕೂತಿರುತ್ತವೆ. ಒಂದೊಂದೂ ಒಂದು ದ್ರಾಕ್ಷಿ ಹಣ್ಣಿನಷ್ಟು ತೂಕ, ಅಷ್ಟೆ. ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವುದು ಅವುಗಳ ರಸ. ಭಯವಾದಾಗ, ಪೆಟ್ಟಾದಾಗ, ಜ್ವರ ಬಂದಾಗ ಮನುಷ್ಯ ಕುಸಿಯದಂತೆ ಎತ್ತಿ ಹಿಡಿಯುವುದೂ ಅದೇ. ರಕ್ತದ ಉಪ್ಪು ಮೂತ್ರದಲ್ಲಿ ಹರಿದುಹೋಗದಂತೆ ಕಿಡ್ನಿಗೆ ತಾಕೀತು ಮಾಡುವುದೂ ಅವೇ. ರಕ್ತ ಸಪ್ಪೆಯಾಗುವ ಮೊದಲೇ ಅವುಗಳಿಗೆ ಗೊತ್ತಾಗುತ್ತದೆ, ಒಂದು ಚಿಟಿಕೆ ಕಮ್ಮಿ, ಹಿಡಿದಿಡು ಅನ್ನುತ್ತವೆ. ತಮ್ಮ ಬಾಯಿ ತೆರೆದು ಕೇಳುತ್ತಿದ್ದ. ಹಾಗಾದರೆ ಎಲ್ಲರ ಮೈಯೊಳಗೂ ಒಬ್ಬೊಬ್ಬ ಸೌಟಕ್ಕ ಇದ್ದಾಳೆ!

ಅಕ್ಕನ ಮೈಯ ಕಾವಲುಗಾರರೇ ದಾರಿತಪ್ಪಿ ಆ ಎರಡು ಗ್ರಂಥಿಗಳನ್ನು ಶತ್ರುವೆಂದುಕೊಂಡು ಸವೆಸಿಬಿಟ್ಟಿದ್ದರು. ಹಿಡಿದಿಡುವವರಿಲ್ಲದೆ ಉಪ್ಪು ಹರಿದುಹೋಗುತ್ತಿತ್ತು. ಆಗ ಮಿದುಳಿನ ಕೆಳಗೆ ಬಟಾಣಿಯಷ್ಟಿರುವ ಇನ್ನೊಂದು ಗ್ರಂಥಿ, ಎಲ್ಲದಕ್ಕೂ ಮೇಸ್ತ್ರಿ ಅದು, ಕೆಲಸ ಮಾಡಿ, ಕೆಲಸ ಮಾಡಿ ಎಂದು ಕೂಗು ಹಾಕತೊಡಗಿತು. ಉತ್ತರ ಬರದಿದ್ದಾಗ ಇನ್ನೂ ಜೋರಾಗಿ ಕೂಗಿತು. ಆ ಕೂಗಿಗೇ ಚರ್ಮ ಕಪ್ಪಾಗುವುದು ಎಂದರು ಡಾಕ್ಟರು.

ತಮ್ಮ ತನ್ನ ಅಂಗೈ ನೋಡಿಕೊಂಡ. ಮಸಿ ಎಂದುಕೊಂಡದ್ದು, ಬದನೆಕಾಯಿ ಕಲೆ ಎಂದುಕೊಂಡದ್ದು ಕೂಗಾಗಿತ್ತೇ? ಅಕ್ಕನ ಮೈ ತಿಂಗಳುಗಟ್ಟಲೆ ಕೂಗಿ ಕರೆದಿತ್ತು, ಅವನು ತಿಕ್ಕಿ ತೊಳೆಯಲು ಹೇಳಿದ್ದ.

“ಡಾಕ್ಟ್ರೇ, ಉಪ್ಪು ಕಿತ್ಕೊಂಡಿದ್ದು ನಾನು. ಅವಳನ್ನ ಸಾಯಿಸ್ತಿದ್ದೋನು ನಾನೇ ಅಲ್ವಾ?”

ಡಾಕ್ಟರು ಸುಳ್ಳು ಸಮಾಧಾನ ಹೇಳುವವರಲ್ಲ. “ಉಪ್ಪು ತಿಂದು ವಾಸಿ ಆಗೋ ಕಾಯಿಲೆ ಅಲ್ಲ ಇದು. ಇವತ್ತಲ್ಲ ನಾಳೆ ಬೀಳ್ತಿದ್ರು. ಆದ್ರೆ ಇಷ್ಟು ದಿನ ಅವರನ್ನ ನಿಲ್ಲಿಸಿದ್ದು ಆ ಉಪ್ಪೇ. ನಾವ್ಯಾರೂ ಹೇಳಿಕೊಡದೆ ಅವರ ಮೈ ಅದನ್ನ ಹುಡುಕಿಕೊಂಡಿತ್ತು ನೋಡಿ. ಡಾಕ್ಟರಾಗಿ ಇಷ್ಟು ವರ್ಷ ಆಯ್ತು, ನಂಗೆ ಈಗ್ಲೂ ಮೈ ಜುಮ್ ಅನ್ನುತ್ತೆ.” ಇನ್ನು ಬದುಕಿರುವಷ್ಟು ದಿನ ಮಾತ್ರೆ ತಪ್ಪಿಸುವಂತಿಲ್ಲ, ಜ್ವರವೋ ವಾಂತಿಯೋ ಬಂದರೆ ಮನೆಯಲ್ಲಿ ಯಾರೂ ಡಾಕ್ಟರಾಗದೆ ನೇರ ಆಸ್ಪತ್ರೆಗೇ ಬರಬೇಕು ಎಂದು ಗಟ್ಟಿಯಾಗಿ ಹೇಳಿ ಕಳಿಸಿದರು.

ನೆಲಮಾಳಿಗೆಗೆ ಇಳಿದ ತಮ್ಮ ಹಣ್ಣಿನ ಬುಟ್ಟಿಯಿಂದ ಎರಡು ದ್ರಾಕ್ಷಿ ತೆಗೆದು ಅಂಗೈಯಲ್ಲಿಟ್ಟುಕೊಂಡ. ಭಾರವೇ ಗೊತ್ತಾಗಲಿಲ್ಲ. ಅಕ್ಕ ಅವನನ್ನು ಸೊಂಟದ ಮೇಲೆ ಹೊತ್ತು ಬಂದದ್ದು, ಬೆಳಗಾಗುವ ಮೊದಲೇ ಎದ್ದು ಒಲೆ ಹಚ್ಚಿದ್ದು, ಹಸಿವು, ಸಾವು, ಬೈಗುಳ ಎಲ್ಲವನ್ನೂ ತಾಳಿಕೊಂಡದ್ದು, ಇಷ್ಟೂ ಈ ಎರಡು ಕಾಳಿನ ಬಲದ ಮೇಲೆಯೇ? ತಲೆಯೆತ್ತಿ ನೋಡಿದ. ಈರುಳ್ಳಿ ಹೆಚ್ಚುವವರ ಕಣ್ಣಲ್ಲಿ ನೀರಿಳಿಯುತ್ತಿತ್ತು. ಒಲೆಯ ಮುಂದಿನವನ ಹಣೆಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಒಗ್ಗರಣೆಯ ವಾಸನೆಗೆ ಗಾಡಿ ತಳ್ಳುವವನು ಜೊಲ್ಲು ನುಂಗಿದ. ಕಣ್ಣೀರು, ಬೆವರು, ಜೊಲ್ಲು ಎಲ್ಲ ಗ್ರಂಥಿಗಳದೇ ಕೆಲಸ ಎಂದು ಡಾಕ್ಟರು ಹೇಳಿದ್ದರು. ಯಾರೂ ಹೇಳದೆ, ಯಾರೂ ಕೇಳದೆ, ಪ್ರತಿಯೊಬ್ಬರೊಳಗೂ ಅಡುಗೆ ನಡೆದೇ ಇತ್ತು. ಬುದ್ಧಿ ಬಂದಾಗಿನಿಂದ ನೋಡಿದ ಆ ಹೊಗೆ ಹಿಡಿದ ಕೋಣೆ ಅವನಿಗೆ ಅವತ್ತು ಹೊಸದಾಗಿ ಕಂಡಿತು. ದ್ರಾಕ್ಷಿಯನ್ನು ತಿನ್ನಲು ಮನಸ್ಸು ಬರದೆ ಬುಟ್ಟಿಗೇ ವಾಪಸ್ಸು ಇಟ್ಟ.

ಅಕ್ಕ ಚೇತರಿಸಿಕೊಳ್ಳುವವರೆಗೆ ರುಚಿ ನೋಡುವ ಕೆಲಸ ತಮ್ಮನದಾಯಿತು. ಮಜಾ ಕೇಳಿ: ಹಸಿರು ಮುಚ್ಚಳದ ತಟ್ಟೆಗಳು ಮತ್ತೆ ತುಂಬಿದಂತೆಯೇ ಕೆಳಗೆ ಬರತೊಡಗಿದವು. ಮ್ಯಾನೇಜರು ಇಳಿದು ಬಂದು, ಸೌಟಕ್ಕ ಮೇಲೆ ಮಲಗಿದ್ದಾಳೆ, ಮತ್ತೆ ಈ ಉಪ್ಪು ಎಲ್ಲಿಂದ ಎಂದು ತಲೆ ಕೆರೆದುಕೊಂಡರು. ಯಾರೂ ಬಾಯಿ ಬಿಡಲಿಲ್ಲ. ಎಲ್ಲರೂ ನೋಡಿದ್ದರು, ಉಗ್ರಾಣದ ಬೀಗವನ್ನು ತಮ್ಮ ಕಸಕ್ಕೆ ಎಸೆದಿದ್ದ. ಹಂಡೆಯ ಮುಂದೆ ನಿಂತರೆ ಅವನ ಕಣ್ಣೆದುರು ಆ ಖಾಲಿ ಚೀಲ ಬರುತ್ತಿತ್ತು. ಕೈ ತನ್ನಷ್ಟಕ್ಕೆ ಇನ್ನೊಂದು ಹಿಡಿ ಸುರಿಯುತ್ತಿತ್ತು.

ಕೊನೆಗೊಂದು ಬೆಳಿಗ್ಗೆ ಅಕ್ಕ ಬಂದಳು. ಲಿಫ್ಟಿನಲ್ಲಲ್ಲ, ಮೆಟ್ಟಿಲಿಳಿದು, ಗೋಡೆ ಹಿಡಿಯದೆ. ಮುಖದ ಕಪ್ಪು ತಿಳಿಯಾಗತೊಡಗಿತ್ತು. ಒಳಗೆ ಕೂತು ಬೇಡುತ್ತಿದ್ದವರು ಈಗ ಸುಮ್ಮನಾಗಿದ್ದಾರೆ ಎಂದು ತಮ್ಮನ ಹೆಂಡತಿಯ ಹತ್ತಿರ ಹೇಳಿದಳಂತೆ. ಮ್ಯಾನೇಜರೂ ಬಂದು ಬಾಗಿಲಲ್ಲಿ ನಿಂತರು. ಬಾಯಲ್ಲಿ ಏನೂ ಅನ್ನದಿದ್ದರೂ ಅವರು ಬಂದದ್ದು ಏಕೆಂದು ಎಲ್ಲರಿಗೂ ತಿಳಿದಿತ್ತು. ಮತ್ತೆ ಸಪ್ಪೆ ಎಂದಳೋ, ಸೌಟು ಅಲ್ಲಿಗೆ ಮುಗಿಯಿತು.

ತಮ್ಮ ಸೌಟನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಅಕ್ಕ ಬೇಳೆಯ ಹಂಡೆಯ ಮುಂದೆ ನಿಂತಳು. ಅಂಗೈಗೆ ಒಂದು ಹನಿ ಬಿಟ್ಟುಕೊಂಡಳು. ಊದಿದಳು, ನೆಕ್ಕಿದಳು, ಕಣ್ಣು ಮುಚ್ಚಿದಳು. ಚಾಕುಗಳು ನಿಂತವು. ಆ ಕಪ್ಪು ಗೆರೆಗಳ ಹಿಂದೆ, ಆ ಮುಚ್ಚಿದ ಕಣ್ಣಿನ ಹಿಂದೆ, ಕಾಣದ ಎಷ್ಟು ಪುಟ್ಟ ಪುಟ್ಟ ಒಲೆಗಳು ಉರಿಯುತ್ತಿವೆಯೋ ಎಂದುಕೊಂಡು ತಮ್ಮ ಕೈಮುಗಿದು ನಿಂತಿದ್ದ. ಕೈಮುಗಿದದ್ದು ಅವನ ಗಮನಕ್ಕೇ ಬಂದಿರಲಿಲ್ಲ.

ಅಕ್ಕ ಕಣ್ಣು ತೆರೆದಳು. ಮುಖ ಕಿವುಚಿದಳು.

“ಯಾರೋ ಇದಕ್ಕೆ ಉಪ್ಪು ಹಾಕಿದ್ದು? ಬಾಯಿಗಿಡೋ ಹಾಗಿಲ್ಲ.”

ಬಾಗಿಲಲ್ಲಿದ್ದ ಮ್ಯಾನೇಜರು ಸರಿ ಎಂಬಂತೆ ತಲೆಯಾಡಿಸಿ ಮೇಲೆ ಹೋದರು. ತಮ್ಮ ನಗಲು ಹೋದ. ನಗು ಬರಲಿಲ್ಲ, ಹಂಡೆಯ ಅಂಚು ಹಿಡಿದುಕೊಂಡು ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳತೊಡಗಿದ. ಅಕ್ಕ ಸೌಟಿನ ಹಿಡಿಯಿಂದ ಅವನ ಭುಜಕ್ಕೆ ಮೆಲ್ಲಗೆ ತಿವಿದಳು.

“ಆ ಕಡೆ ತಿರುಗಿ ಅಳೋ. ಮೊದಲೇ ಉಪ್ಪಾಗಿದೆ, ಇನ್ನು ನಿನ್ನ ಕಣ್ಣೀರು ಬೇರೆ ಬೀಳೋದು ಬೇಡ.”

ಆಮೇಲೆ ಸೆರಗಿನಿಂದ ಅವನ ಮುಖ ಒರೆಸಿ, ಹೆಚ್ಚುವವರ ಕಡೆ ತಿರುಗಿ, ಒಂದು ಬುಟ್ಟಿ ಆಲೂಗಡ್ಡೆ ತರಲು ಹೇಳಿದಳು.